ಎರಡನೆಯ ಟಂಯ್

ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಕಾರು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಟಂಯ್ ಎನ್ನುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಇನ್ನೊಂದು ಟಂಯ್. ಎರಡು ವರ್ಷದಿಂದ ಕೇಳಿ ಕೇಳಿ ಮೇಷ್ಟ್ರ ಕಿವಿಗೆ ಅದು ಗೋಡೆ ಗಡಿಯಾರದ ಸದ್ದಿನಷ್ಟೇ ರೂಢಿಯಾಗಿತ್ತು. ಆದರೆ ಲೈಸೆನ್ಸ್ ಕಚೇರಿಗೆ ಹೊಸದಾಗಿ ಬಂದ ಇನ್ಸ್‌ಪೆಕ್ಟರು ನಿನ್ನೆ ಟೆಸ್ಟಿಗೆ ಬಂದಿದ್ದ ಶಿಷ್ಯೆ ನರ್ಸಮ್ಮನ ಪಕ್ಕ ಕೂತವರು, ಗೇಟಿನ ಬಳಿ ಒಂದು ಟಂಯ್ ಕೇಳಿದ್ದೇ ಇಳಿದುಬಿಟ್ಟರು.

"ಈ ಗಾಡೀಲಿ ನಾನು ಟೆಸ್ಟ್ ತಗೊಳ್ಳಲ್ಲ ಮೇಷ್ಟ್ರೇ. ಚಕ್ರ ಕಳಚಿಕೊಂಡ್ರೆ ಉತ್ತರ ಹೇಳಬೇಕಾದೋನು ನಾನು. ಸರಿಮಾಡಿಸಿ ನಾಳೆ ಮೂರು ಗಂಟೆಗೆ ಬನ್ನಿ."

ನರ್ಸಮ್ಮನಿಗೆ ಐವತ್ತು ಸಮೀಪಿಸಿತ್ತು. ವಾರ್ಡಿನಲ್ಲಿ ನಿಂತೂ ನಿಂತೂ ಮಂಡಿ ಸೋತಿದ್ದವು. ಹಾಸಿಗೆ ಹಿಡಿದ ರೋಗಿಗಳನ್ನು ಮನೆಗೇ ಹೋಗಿ ನೋಡುವ ಕೆಲಸ ಕೊಡುತ್ತೇವೆ, ಸಣ್ಣ ವ್ಯಾನೂ ಕೊಡುತ್ತೇವೆ ಎಂದಿತ್ತು ಆಸ್ಪತ್ರೆ. ಲೈಸೆನ್ಸ್ ಇದ್ದರೆ ಮಾತ್ರ.

ಹಾಗಾಗಿ ಬೆಳಗ್ಗೆ ಎಂಟಕ್ಕೇ ಮೇಷ್ಟ್ರು ಮನೆಯ ಮುಂದೆ ಬಾನೆಟ್ ಎತ್ತಿದರು. ಸಕ್ಕರೆ ಚೆಲ್ಲಿದರೆ ಇರುವೆಗೆ ಕಾಗದ ಬರೆಯಬೇಕಿಲ್ಲ; ಬಾನೆಟ್ ಎತ್ತಿದರೆ ಬೀದಿಯವರಿಗೆ ಹೇಳಿಕಳಿಸಬೇಕಿಲ್ಲ. ಮೊದಲು ಬಂದವರು ಎದುರುಮನೆಯ ನಿವೃತ್ತ ಬಸ್ ಡ್ರೈವರು.

"ಎಣ್ಣೆ ಒಣಗಿದೆ. ಮೂವತ್ತು ವರ್ಷ ಬಸ್ ಓಡಿಸಿದೀನಿ, ನನಗೆ ಹೇಳ್ತೀರಾ?" ಎಂದರು. ಯಾರೂ ಏನೂ ಹೇಳಿರಲಿಲ್ಲ. ಮನೆಯೊಳಗೆ ಹೋಗಿ ಒಂದು ಡಬ್ಬಿ ಎಣ್ಣೆ ತಂದು, ಕಣ್ಣಿಗೆ ಬಿದ್ದ ಬಿಳಿ ಪ್ಲಾಸ್ಟಿಕ್ ಡಬ್ಬಕ್ಕೆ ಗಳಗಳ ಸುರಿದರು.

"ಯಜಮಾನ್ರೇ, ಅದು ಗಾಜು ತೊಳೆಯೋ ನೀರಿನ ಡಬ್ಬ."

"ಬಸ್ಸಲ್ಲಿ ಅದು ಆ ಕಡೆ ಇರ್ತಿತ್ತು," ಎಂದ ಅವರು ಗಂಭೀರವಾಗಿ ಮನೆಗೆ ಹೋದರು.

ಅಷ್ಟರಲ್ಲಿ ಪಕ್ಕದ ಟೈಲರ್ ಕತ್ತರಿ ಸಮೇತ ಬಂದ. "ಸದ್ದು ಸ್ಟೀರಿಂಗಿನ ಬುಡದಲ್ಲಿದೆ. ನನ್ನ ಮಿಷನ್ನೂ ಹಿಂಗೇ ಅಂತಿತ್ತು," ಎಂದವನೇ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ, ಕತ್ತರಿಯ ತುದಿಯಿಂದ ಮುಚ್ಚಳ ಬಿಚ್ಚಿ, ನಾಲ್ಕು ಹನಿ ಮಿಷನ್ ಎಣ್ಣೆ ಬಿಟ್ಟ. ಮುಚ್ಚಳ ಮತ್ತೆ ಕೂರಿಸುವ ಹೊತ್ತಿಗೆ ಎರಡು ಸ್ಕ್ರೂ ಮಿಕ್ಕವು.

"ಕಂಪನಿಯವರು ಹೆಚ್ಚಿಗೇ ಹಾಕಿರ್ತಾರೆ ಬಿಡಿ," ಎಂದ. ಮೇಷ್ಟ್ರು ಸ್ಟೀರಿಂಗ್ ತಿರುಗಿಸಿದರು. ಟಂಯ್.

ಇನ್ನು ಇಲ್ಲಿದ್ದರೆ ಕಾರಿನ ಚರ್ಮವಷ್ಟೇ ಉಳಿದೀತೆಂದು ಅವರು ಮೆಕ್ಯಾನಿಕ್ ಅಂಗಡಿಗೆ ಹೊರಟರು. ದಾರಿಯಲ್ಲಿ ಮುಂಗಾಜಿಗೆ ಧೂಳು ಕವಿದಿದೆ ಅನಿಸಿ, ಅಭ್ಯಾಸಬಲದಿಂದ ನೀರು ಚಿಮ್ಮಿಸುವ ಗುಂಡಿ ಒತ್ತಿದರು. ಎಣ್ಣೆ ಚಿಮ್ಮಿತು. ವೈಪರ್ ಅದನ್ನು ಮೂಲೆಮೂಲೆಗೂ ಶ್ರದ್ಧೆಯಿಂದ ಬಳಿಯಿತು. ಉಳಿದ ದಾರಿಯನ್ನು ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿಕೊಂಡು ಕ್ರಮಿಸಿದರು. ಎದುರಾದ ಹಳೆಯ ಶಿಷ್ಯನೊಬ್ಬ ಇದೂ ಒಂದು ಪಾಠವೇ ಇರಬೇಕೆಂದು ಕೈಮುಗಿದ.

ಮೆಕ್ಯಾನಿಕ್ ಮಿತಭಾಷಿ. ಏನನ್ನೂ ಬಿಚ್ಚಲಿಲ್ಲ. ನೆಲದಲ್ಲಿ ಕೂತು, ಮುಂದಿನ ಚಕ್ರದ ಮೇಲಿನ ಸ್ಪ್ರಿಂಗಿಗೆ ಕೈಯಿಟ್ಟು, "ತಿರುಗಿಸಿ," ಎಂದ. "ಇನ್ನೊಂದ್ಸಲ." ನಾಡಿ ಹಿಡಿದ ವೈದ್ಯನಂತೆ ಕಣ್ಣುಮುಚ್ಚಿದ.

"ಸ್ಟೀರಿಂಗಿನದಲ್ಲ ತಪ್ಪು. ಸ್ಪ್ರಿಂಗಿನ ತಲೆ ಮೇಲೊಂದು ಬೇರಿಂಗ್ ಇರುತ್ತೆ, ಅದು ಹಿಡ್ಕೊಂಡಿದೆ. ಚಕ್ರ ತಿರುಗುತ್ತೆ, ಸ್ಪ್ರಿಂಗ್ ತಿರುಗಲ್ಲ. ತಡ್ಕೊಳ್ಳುತ್ತೆ, ತಡ್ಕೊಳ್ಳುತ್ತೆ, ಆಮೇಲೆ ಒಂದೇ ಸಲ ಬಿಟ್ಟುಬಿಡುತ್ತೆ."

ಮನುಷ್ಯರೂ ಹಾಗೇ ಅಲ್ಲವೇ ಎಂದುಕೊಂಡರು ಮೇಷ್ಟ್ರು. ಕಾಯುತ್ತ ಕೂತಾಗ ಇನ್ನೂ ಏನೇನೋ ಯೋಚನೆ ಬಂತು. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದಾಯಿತು. ಮೊದಮೊದಲು ರಿವರ್ಸಿನಲ್ಲಿ ಫೇಲಾಗುವವರೇ ಹೆಚ್ಚು. ಈಚೆಗೆ ಎರಡು ವರ್ಷದಿಂದ ಒಬ್ಬರೂ ಫೇಲಾಗಿಲ್ಲ. ಕರಿಹಲಗೆಯ ಮೇಲೆ ಗೆರೆ ಎಳೆದು ಹೇಳಿಕೊಡುವ ತಮ್ಮ ಕ್ರಮ ಕೊನೆಗೂ ಪಕ್ವವಾಯಿತು ಎಂದು ಅವರಿಗೆ ಒಳಗೊಳಗೇ ತೃಪ್ತಿಯಿತ್ತು.

ಎರಡೂವರೆಗೆ ಕಾರು ಸಿದ್ಧವಾಯಿತು. ಹೊಸ ಬೇರಿಂಗ್, ತೊಳೆದ ಗಾಜು, ಮಿಕ್ಕಿದ್ದ ಸ್ಕ್ರೂಗಳೂ ಸ್ವಸ್ಥಾನಕ್ಕೆ. ಸ್ಟೀರಿಂಗ್ ಬೆಣ್ಣೆಯಲ್ಲಿ ಚಾಕು ಆಡಿದಂತೆ ತಿರುಗಿತು. ಸದ್ದೇ ಇಲ್ಲ.

"ಈಗ ಗಾಡಿ ಗಾಡಿ ಥರ ಇದೆ," ಎಂದರು ಮೂರಕ್ಕೆ ಲೈಸೆನ್ಸ್ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಮೇಷ್ಟ್ರು ಗೋಡೆಯ ಪಕ್ಕ ನಿಂತು ನೋಡಿದರು. ನರ್ಸಮ್ಮ ನೇರಕ್ಕೆ ಚೆನ್ನಾಗಿ ಓಡಿಸಿದರು. ಆಮೇಲೆ ಎರಡು ಗೂಟಗಳ ನಡುವೆ ಹಿಂದಕ್ಕೆ ತರಬೇಕು. ಅವರು ಸ್ಟೀರಿಂಗ್ ತಿರುಗಿಸಿದರು, ರೋಗಿಯ ಎದೆಬಡಿತ ಆಲಿಸುವಂತೆ ತಲೆ ವಾಲಿಸಿದರು, ಮತ್ತೆ ತಿರುಗಿಸಿದರು, ಮತ್ತೂ ಆಲಿಸಿದರು. ಕಾರು ನಿಧಾನಕ್ಕೆ, ಯಾವ ಆತುರವೂ ಇಲ್ಲದೆ, ಗೂಟವನ್ನು ಕೆಡವಿತು. ಗೂಟ ಇನ್ಸ್‌ಪೆಕ್ಟರ ಬೈಕಿನ ಕನ್ನಡಿಯ ಮೇಲೆ ಬಿತ್ತು.

"ಎಂಟು ದಿನ ಬಿಟ್ಟು ಬನ್ನಿ," ಎಂದು ಅವರು ಕನ್ನಡಿಯ ಚೂರು ಆಯತೊಡಗಿದರು.

ಮೇಷ್ಟ್ರು ಕಿಟಕಿಯ ಬಳಿ ಬಂದರು. "ಮೊನ್ನೆವರೆಗೂ ಸರಿಯಾಗಿ ಮಾಡ್ತಿದ್ರಲ್ಲಮ್ಮ, ಏನಾಯ್ತು?"

"ಕಾಯ್ತಾ ಇದ್ದೆ ಮೇಷ್ಟ್ರೇ."

"ಏನನ್ನ?"

"ಎರಡನೇ ಟಂಯ್‌ನ," ಎಂದರು ನರ್ಸಮ್ಮ. ಕಣ್ಣು ತುಂಬಿತ್ತು. "ಒಂದನೇದಕ್ಕೆ ನಿಧಾನ ಮಾಡಬೇಕು, ಎರಡನೇದಕ್ಕೆ ಸ್ಟೀರಿಂಗ್ ವಾಪಸ್ ತಿರುಗಿಸಬೇಕು. ಹೋದ ವರ್ಷ ನಿಮ್ಮಲ್ಲೇ ಕಲಿತ ಟೈಲರ್ ಹೆಂಡತಿ ಹೇಳಿಕೊಟ್ಟಿದ್ದು. ನಿಮ್ಮಲ್ಲಿ ಈಚೆಗೆ ಪಾಸಾದೋರೆಲ್ಲ ಹಂಗೇ ಅಂತೆ ಪಾಸಾಗಿದ್ದು."

"ಹಂಗಾದ್ರೆ ನಾನು ಹಲಗೆ ಮೇಲೆ ಹೇಳಿಕೊಟ್ಟಿದ್ದು?"

"ಅದೂ ಚೆನ್ನಾಗಿರ್ತಿತ್ತು," ಎಂದರು ನರ್ಸಮ್ಮ, ರೋಗಿಗಳಿಗೆ ಧೈರ್ಯ ಹೇಳುವ ದನಿಯಲ್ಲಿ.

ಮೇಷ್ಟ್ರು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. "ಆ ಹಳೇ ಬೇರಿಂಗ್ ಇದೆಯೇನಪ್ಪ?"

"ಆಗಲೇ ಗುಜರಿಗೆ ಹೋಯ್ತು. ಯಾಕೆ, ಮತ್ತೆ ಸದ್ದು ಬಂತಾ?"

"ಇಲ್ಲ. ಅದೇ ತೊಂದರೆ."

ಸಂಜೆ ಐದರ ತಂಡದ ಮೂವರು ಹಿಂದಿನ ಸೀಟಿನಲ್ಲಿ ಕೂತರು. ಆಸ್ಪತ್ರೆಯವರು ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದ್ದರಿಂದ ನರ್ಸಮ್ಮನೂ ಬಂದಿದ್ದರು. ಅವರು ಕಾರನ್ನು ಹಿಂದಕ್ಕೆ ಬಿಟ್ಟು, ಸ್ಟೀರಿಂಗ್ ತಿರುಗಿಸಿ, ದಿಕ್ಕುತೋಚದೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಕತ್ತು ಹೊರಗೆ ಚಾಚಿ ಗೂಟ ನೋಡಿದರು, ಒಮ್ಮೆ ಉಸಿರೆಳೆದುಕೊಂಡರು.

"ಟಂಯ್," ಎಂದರು. ಕಾರು ನಿಧಾನವಾಯಿತು. "ಟಂಯ್." ಕಾರು ಗೂಟಗಳ ನಡುವೆ ಅಳೆದಿಟ್ಟಂತೆ ನಿಂತಿತು.

ಹಿಂದಿನ ಸೀಟಿನಿಂದ ಒಂದು ದನಿ ವಿನಯದಿಂದ ಕೇಳಿತು: "ಮೇಷ್ಟ್ರೇ, ಸ್ವಲ್ಪ ಜೋರಾಗಿ ಹೇಳ್ತೀರಾ? ಎರಡನೇದು ಇಲ್ಲಿಗೆ ಕೇಳಿಸಲಿಲ್ಲ."