ಒಂದ್‌ಸ್ವಲ್ಪ ನನ್ನ ಮೊಬೈಲ್ ನೋಡವಾ

ಊಟಕ್ಕೆ ಕರೆದವರ ಮನೆಯಲ್ಲಿ ನನಗೆ ತಾಟು ಇಡುವ ಮೊದಲೇ ಒಂದು ಕೆಟ್ಟ ಫೋನು ತಂದು ಕೈಯಲ್ಲಿಡುತ್ತಾರೆ. ಅರಿಷಿಣ-ಕುಂಕುಮಕ್ಕೆ ಹೋದರೂ ಅದೇ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಅದೇ. ಅತ್ತು ಮುಗಿದ ಮೇಲೆ ಯಾರಾದರೊಬ್ಬರು ಕಣ್ಣೊರೆಸಿಕೊಂಡು ಹತ್ತಿರ ಸರಿಯುತ್ತಾರೆ. "ಹೆಂಗೂ ಬಂದೀಯಲ್ಲ, ಒಂದ್‌ಸ್ವಲ್ಪ ನನ್ನ ಮೊಬೈಲ್ ನೋಡವಾ."

ನಾನು ಮರಾಠಿ ಗಡಿಸೀಮೆಯ ಇಚಲಕರಂಜಿಯಲ್ಲಿ ಒಬ್ಬ ನೂಲಿನ ವ್ಯಾಪಾರಿಯ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಓದಿದ್ದು ಬಿ.ಕಾಂ. ಕಂಪ್ಯೂಟರಿನ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ಇವತ್ತಿಗೂ ಕಂಡವಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನ ಪ್ರಿಂಟರ್ ನಿಂತುಬಿಟ್ಟಿತು. ಎಲ್ಲರೂ ಅದರ ಸುತ್ತ ಕೈಕಟ್ಟಿ, ಹೆಣದ ಮುಂದೆ ನಿಂತವರ ಹಾಗೆ ನಿಂತಿದ್ದರು. ನಾನು ಬಟನ್ ಆರಿಸಿ ಮತ್ತೆ ಹಚ್ಚಿದೆ. ಕಾಗದ ಹೊರಗೆ ಬಂತು.

"ನಿಮಗ ಇದೂ ಬರ್ತೈತೇನ್ರಿ?" ಅಂದರು ಮಾಲೀಕರು.

"ಇಲ್ರಿ" ಅನ್ನಬೇಕಿತ್ತು. ಹೌದೆಂದು ತಲೆಯಾಡಿಸಿದೆ. ಅವತ್ತು ನಾನೂ ಸುಮ್ಮನೆ ನಿಂತಿದ್ದರೆ ಇವತ್ತು ಎಲ್ಲರ ಹಾಗೆ ಬಿಸಿ ಚಹಾ ಕುಡಿಯುತ್ತಿದ್ದೆ. ನನ್ನ ಚಹಾ ಯಾವಾಗಲೂ ಯಾರದೋ ಫೋನಿನ ಪಕ್ಕದಲ್ಲಿ ಆರುತ್ತಿರುತ್ತದೆ.

ಅವ್ವ ಕಳಿಸಿದ ಫೋಟೋ

ನನ್ನ ತವರು ಗಡಹಿಂಗ್ಲಜ. ಅವ್ವ ಅಲ್ಲಿ ಅಣ್ಣ-ವೈನಿಯ ಜೊತೆ ಇರುತ್ತಾಳೆ. ಅವರಿಬ್ಬರೂ ಅಂಗಡಿಗೆ ಹೋದ ಹೊತ್ತು ನೋಡಿಯೇ ಅವಳ ಫೋನು ಕೆಡುತ್ತದೆ.

"ಮ್ಯಾಲ ಒಂದು ಪಟ್ಟಿ ಬಂದು ಕುಂತೈತಿ. ಎಷ್ಟ ತಿಕ್ಕಿದ್ರೂ ಹೋಗವಲ್ದು."

"ಏನ ಬರದೈತಿ, ಓದು."

"ಇಂಗ್ಲಿಷಿನಾಗ ಐತಿ. ನೀ ಓದು."

"ನಾ ಇಲ್ಲಿಂದ ಹೆಂಗ ಓದ್ಲಿ ಅವ್ವಾ? ಒಂದ್ ಕೆಲಸ ಮಾಡು, ಅದರದೊಂದು ಫೋಟೋ ತಗದು ಕಳಿಸು."

ಬಹಳ ಹೊತ್ತು ಸುದ್ದಿಯಿಲ್ಲ. ಆಮೇಲೆ ಫೋಟೋ ಬಂತು. ಅವ್ವ ಕಪಾಟಿನ ಕನ್ನಡಿಯ ಮುಂದೆ ನಿಂತಿದ್ದಾಳೆ. ತಲೆ ಬಾಚಿಕೊಂಡಿದ್ದಾಳೆ, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಾಳೆ. ಎದೆಯ ಹತ್ತಿರ ಫೋನು ಹಿಡಿದಿದ್ದಾಳೆ. ನನಗೆ ಕಂಡದ್ದು ಫೋನಿನ ಬೆನ್ನು.

"ಸೀರಿ ಯಾಕ ಬದಲಿಸಿದಿ?"

"ಫೋಟೋ ತಗಿ ಅಂದೆಲ್ಲ."

ನಗು ಬಂತು. ಆದರೆ ಫೋಟೋ ದೊಡ್ಡದು ಮಾಡಿ ನೋಡಿದಾಗ ನಗು ನಿಂತಿತು. ಕುಪ್ಪಸ ಭುಜದಿಂದ ಜಾರಿತ್ತು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ದಿನಾ ಮಾತಾಡುತ್ತೇವೆ, ಮಾತೆಲ್ಲ 'ಎಡಕ್ಕ ಸರಸು', 'ಮೂರು ಚುಕ್ಕಿ ಒತ್ತು' ಇಷ್ಟರಲ್ಲೇ ಮುಗಿಯುತ್ತದೆ. ಅವಳು ಇಷ್ಟು ಇಳಿದು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

"ಅವ್ವಾ, ಸರಿಯಾಗಿ ಊಟಾ ಮಾಡ್ತೀಯಿಲ್ಲೋ?"

"ಊಟದ್ದು ಆಮ್ಯಾಲ ಕೇಳು. ಪಟ್ಟಿ ಕಂಡಿತಿಲ್ಲೋ ಹೇಳು ಮೊದಲ."

ಪಕ್ಕದ ಮನೆ ಅಜ್ಜಿಯ ಗುಟ್ಟು

ಇಚಲಕರಂಜಿಯ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಪರಿಚಯದವರೊಬ್ಬರು ಫೋನಿನಲ್ಲಿ ಯಾರಿಗೋ ಓಟಿಪಿ ಹೇಳಿ ಮೋಸಹೋದರು. ಅದನ್ನು ಕೇಳಿ ಅಜ್ಜಿಗೆ ಹೆದರಿಕೆ ಹತ್ತಿತು. ನಾನು ಅವರ ಎದುರು ಕುಳಿತು, ಮಕ್ಕಳಿಗೆ ಮಗ್ಗಿ ಕಲಿಸಿದ ಹಾಗೆ ಕಲಿಸಿದೆ.

"ಫೋನಿಗೆ ಒಂದು ಅಂಕಿ ಬರ್ತೈತ್ರಿ. ಅದನ್ನ ಯಾರಿಗೂ ಹೇಳಬಾರ್ದು. ಬ್ಯಾಂಕಿನವ ಕೇಳ್ಲಿ, ಪೊಲೀಸ ಕೇಳ್ಲಿ, ಹೊಟ್ಟೀಲೆ ಹುಟ್ಟಿದ ಮಗಾ ಕೇಳ್ಲಿ, ಹೇಳಬಾರ್ದು."

"ಸತ್ರೂ ಹೇಳೂದಿಲ್ಲ ತಗೋ" ಅಂದರು ಅಜ್ಜಿ.

ಮುಂದೆ ಒಂದು ದಿನ ಓಣಿಯಲ್ಲಿ ಗದ್ದಲ. ಹೋಗಿ ನೋಡಿದರೆ ಅಜ್ಜಿಯ ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ತಂದವನು ಬೆವರುತ್ತ ನಿಂತಿದ್ದಾನೆ. ಅಜ್ಜಿ ಫೋನನ್ನು ಸೆರಗಿನಲ್ಲಿ ಸುತ್ತಿ ಬಗಲಲ್ಲಿ ಹಿಡಿದಿದ್ದಾರೆ.

"ನೀವ ಹೇಳ್ರಿ ವೈನಿ" ಅಂತ ಅವನು ನನ್ನ ಕಡೆ ತಿರುಗಿದ. "ನಂಬರ ಹೇಳದಿದ್ರ ನಾ ಸಿಲಿಂಡರ್ ಹೆಂಗ ಇಳಸ್ಲಿ? ಆಜಿ ಐಕತಚ್ ನಾಹಿ, ಎಷ್ಟ ಹೇಳಿದ್ರೂ ಕೇಳವಲ್ರು."

"ಅಜ್ಜೀ, ಇವರಿಗೆ ಹೇಳಬಹುದ್ರಿ. ಇದು ಗ್ಯಾಸಿಂದು, ಬ್ಯಾಂಕಿಂದಲ್ಲ" ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಕಲಿಸುವಾಗ ಗ್ಯಾಸಿನ ಮಾತು ನನ್ನ ತಲೆಗೇ ಬಂದಿರಲಿಲ್ಲ. ಈಗ ಏನು ಹೇಳಿದರೂ ಕಳ್ಳರ ಮಾತಿನ ಹಾಗೇ ಕೇಳಿಸುತ್ತಿತ್ತು. ಸಿಲಿಂಡರ್ ಮತ್ತೆ ಗಾಡಿ ಹತ್ತಿತು.

ಒಲೆ ಹತ್ತದ ಮನೆಗೆ ನಾನೇ ರೊಟ್ಟಿ-ಪಲ್ಯ ಕೊಟ್ಟು, ಮೆತ್ತಗೆ ಕೇಳಿದೆ: "ಅಜ್ಜೀ, ನನಗರ ಆ ನಂಬರ ಹೇಳ್ರಿ. ನಾ ಫೋನ್ ಮಾಡಿ ಅವನ್ನ ಹೊಳ್ಳಿ ಕರಸ್ತೇನಿ."

"ನಿನಗಂತೂ ಹೇಳೂದ ಇಲ್ಲ" ಅಂದರು ಅಜ್ಜಿ, ರೊಟ್ಟಿ ಮುರಿಯುತ್ತ. "ಇದರಾಗ ನೀನ ಎಲ್ಲಾರಕಿಂತ ಭಾಳ ತಿಳದಾಕಿ."

ನಕೋ

ನಮ್ಮ ಕಡೆ 'ಬ್ಯಾಡ' ಅನ್ನಲು ಮರಾಠಿಯ 'ನಕೋ' ಅನ್ನುವುದೂ ಉಂಟು. ಯಾವ ಭಾಷೆಯಿಂದ ಯಾವ ಮಾತು ಬಂತು ಅಂತ ಮಾತಾಡುವವರಿಗೆ ನೆನಪೇ ಇರುವುದಿಲ್ಲ. ಫೋನಿಗೆ ಮಾತ್ರ ಒಂದು ಸಲಕ್ಕೆ ಒಂದೇ ಭಾಷೆ ಬರುತ್ತದೆ.

ನಮ್ಮ ಓಣಿಯಲ್ಲಿ ಮಗ್ಗ ನಡೆಸುವ ಒಬ್ಬ ಮಾಮಾ ಇದ್ದಾರೆ. ಅವರ ದಪ್ಪ ಬೆರಳಿಗೆ ಒಂದಕ್ಷರ ಒತ್ತಿದರೆ ಎರಡಕ್ಷರ ಬೀಳುತ್ತಿತ್ತು. ಅದಕ್ಕೆ ನಾನು, ಬಾಯಿಂದ ಹೇಳಿದರೆ ಫೋನೇ ಬರೆದುಕೊಳ್ಳುವ ಹಾಗೆ ಕನ್ನಡದಲ್ಲಿ ಹಚ್ಚಿಕೊಟ್ಟೆ. ಮಾಮಾ ಮಗುವಿನ ಹಾಗೆ ಖುಷಿಪಟ್ಟರು.

ಅಷ್ಟರಲ್ಲಿ ಮಹಾಗಾಂವದಲ್ಲಿರುವ ಅವರ ಅಕ್ಕನ ಅತ್ತೆ ತೀರಿಕೊಂಡರು. ವಯಸ್ಸಾದ ಮುದುಕಿ. ಮದುವೆಯಾಗಿ ಬಂದಾಗಿನಿಂದ ಅಕ್ಕನನ್ನು ಬೈದುಕೊಂಡೇ ಇದ್ದರಂತೆ, ಆದರೂ ಅಕ್ಕನ ಕೈ ಹಿಡಿದೇ ಜೀವ ಬಿಟ್ಟರಂತೆ. ಮಾಮಾ ಮಗ್ಗ ಬಿಟ್ಟು ತಕ್ಷಣ ಹೋಗುವ ಹಾಗಿರಲಿಲ್ಲ. ಫೋನಿಗೆ ದುಃಖದಿಂದ ಹೇಳಿದರು: "ಅಕ್ಕಾ, ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು. ಚಿಂತಿ ನಕೋ. ಅಳೂದು ನಕೋ. ನಾ ನಾಳೆ ಬರ್ತೇನಿ."

ಫೋನು ಬರೆದದ್ದು: "ಅಕ್ಕಾ, ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು. ಚಿಂತಿ ನಕ್ಕೋ. ಅಳೂದು ನಕ್ಕೋ. ನಾ ನಾಳೆ ಬರ್ತೇನಿ."

ಮಾಮಾ ಓದಿ ನೋಡದೆ ಕಳಿಸಿದ್ದರು. ಸಂಜೆ ಫೋನು ಹಿಡಿದು ನನ್ನ ಹತ್ತಿರ ಓಡಿಬಂದರು. "ಅಕ್ಕ ಹಿಂಗ್ಯಾಕ ಬರದಾಳ ನೋಡವಾ. ಸಿಟ್ಟಿಗೆದ್ದಾಳೇನು?"

ಅಕ್ಕನ ಉತ್ತರ ಹೀಗಿತ್ತು: "ನಕ್ಕೆ. ಹೆಣದ ಮುಂದ ಎಲ್ಲಾರೂ ನೋಡಿದ್ರು. ನೀ ಬರೂದು ನಕೋ."

ಶುಭ ಸಕಾಳ

ನಮ್ಮ ಆಫೀಸಿನ ಹಿರಿಯ ಗುಮಾಸ್ತರ ಫೋನಿನಲ್ಲಿ ಜಾಗ ತುಂಬಿ, ಕರೆ ಬಂದರೂ ಅದು ಮಿಸುಕಾಡುತ್ತಿರಲಿಲ್ಲ. ತೆರೆದು ನೋಡಿದರೆ ಹೂವು, ಹುಟ್ಟುವ ಸೂರ್ಯ, ಹೊಗೆಯಾಡುವ ಚಹಾ ಕಪ್ಪು, ಮತ್ತೆ ಹೂವು. ಎಲ್ಲದರ ಮೇಲೂ ಮರಾಠಿಯಲ್ಲಿ 'ಶುಭ ಸಕಾಳ', ಅಂದರೆ ಶುಭೋದಯ.

"ಇವನ್ನೆಲ್ಲಾ ಅಳಸ್ತೇನ್ರಿ, ಕಸಾ ಭಾಳ ಆಗೈತಿ" ಅಂತ ಬೆರಳು ಇಟ್ಟೆ.

ಅವರು ನನ್ನ ಕೈ ಹಿಡಿದರು. "ಗುಲಾಬಿ ಇರ್ಲಿ."

"ಈ ಸೂರ್ಯಾ?"

"ಅದೂ ಇರ್ಲಿ."

"ಗುಲಾಬಿ ಒಂದ ನಮೂನಿ ಭಾಳ ಅದಾವ್ರಿ. ಒಂದು ಇಟ್ಕೊಂಡ್ರ ಸಾಲದೇನು?"

ಆಗ ಗುಮಾಸ್ತರು ಹೇಳಿದರು. ಅವನ್ನೆಲ್ಲ ಕಳಿಸಿದ್ದು ಕಾಗಲ ಊರಿನ ಅವರ ಗೆಳೆಯ. ಸಣ್ಣವರಿದ್ದಾಗ ಕೂಡಿ ಕುಸ್ತಿ ಆಡಿದವರು. ಮುಂಜಾನೆ ಎದ್ದ ಕೂಡಲೆ ಕಳಿಸುತ್ತಿದ್ದನಂತೆ. ಇವರು ಒಂದಕ್ಕೂ ಉತ್ತರ ಬರೆಯಲಿಲ್ಲ. 'ಇವನಿಗೆ ಬ್ಯಾರೆ ಉದ್ಯೋಗಿಲ್ಲ' ಅಂತ ಬೈದುಕೊಳ್ಳುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಮುಂಜಾನೆ ಗುಲಾಬಿ ಬರಲಿಲ್ಲ.

"ಒಂದ್ ಸಲಾನೂ ಹೊಳ್ಳಿ ಶುಭ ಸಕಾಳ ಅನ್ನಲಿಲ್ಲ ನಾ" ಅಂದರು.

ಕಸ ಅಂದಿದ್ದಕ್ಕೆ ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಆದರೆ ಫೋನಿಗೆ ಜಾಗ ಬೇಕಲ್ಲ? ಹುಡುಕಿ ಎಲ್ಲಕ್ಕಿಂತ ದೊಡ್ಡದೊಂದು ವಿಡಿಯೋ ತೋರಿಸಿದೆ. ಅವರ ಹೆಂಡತಿ ಮಗಳ ಸೀಮಂತದಲ್ಲಿ ಹಾಡು ಹೇಳಿದ್ದು. "ಇದು ಇರಬೇಕಲ್ರೀ, ಬ್ಯಾರೆ ನೋಡೂಣೇನು?"

"ಅದನ್ನ ಅಳಸು" ಅಂದರು ಗುಮಾಸ್ತರು, ಒಂದು ಕ್ಷಣವೂ ಯೋಚಿಸದೆ. "ಅಕಿ ಮನ್ಯಾಗ ದಿನಾ ಹಾಡ್ತಾಳ, ಬ್ಯಾಡಂದ್ರೂ ನಿಂದ್ರಸೂದಿಲ್ಲ."

ಕೊಲ್ಲಾಪುರದ ಟಿವಿ

ಇದನ್ನು ನೆನೆದರೆ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ನನ್ನ ಮೈದುನನಿಗೆ ಹೆಣ್ಣು ನೋಡಲು ಕೊಲ್ಲಾಪುರಕ್ಕೆ ಹೋಗಿದ್ದೆವು. ಅತ್ತೆ, ನಾನು, ಮೈದುನ, ಸಂಬಂಧ ಕುದುರಿಸುವ ನಡುವಿನ ಹಿರಿಯರೊಬ್ಬರು. ಮಾವನವರು ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದರು. ಹುಡುಗಿ ಅವಲಕ್ಕಿ-ಪೋಹೆಯ ತಾಟು ತಂದಿಟ್ಟಳು. ಮೈದುನ ಒಂದು ಸಲ ತಲೆಯೆತ್ತಿ ನೋಡಿದ, ಅವಳೂ ನೋಡಿದಳು. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಇದಕ್ಕೂ ಮೊದಲು ನಾಕು ಕಡೆ ನೋಡಿ ಬಂದರೂ ಅವನ ಕಿವಿ ಕೆಂಪಾಗಿರಲಿಲ್ಲ.

ಅಷ್ಟರಲ್ಲಿ ನಡುವಿನ ಹಿರಿಯರು ನನ್ನನ್ನು ತೋರಿಸಿ ಅಂದರು: "ಇವರಿಗೆ ಮೊಬೈಲು, ಟಿವಿ, ಕಂಪ್ಯೂಟರ್ ಎಲ್ಲಾ ಬರ್ತೈತ್ರಿ."

ಹುಡುಗಿಯ ತಂದೆ ಕುರ್ಚಿಯಿಂದ ಎದ್ದೇಬಿಟ್ಟರು. ಹೊಸ ಟಿವಿ ತಂದಿದ್ದರಂತೆ, ಫೋನಿನ ಫೋಟೋ ಅದರಲ್ಲಿ ಕಾಣುತ್ತದೆ ಅಂತ ಅಂಗಡಿಯವನು ಹೇಳಿದ್ದನಂತೆ, ಕಾಣುತ್ತಿರಲಿಲ್ಲವಂತೆ. ಹುಡುಗನಿಗೆ ಬೆನ್ನು ಮಾಡಿ ಟಿವಿಯ ಮುಂದೆ ನಿಂತರು. ಹುಡುಗ ಏನು ಓದಿದ್ದಾನೆ, ಏನು ಮಾಡುತ್ತಾನೆ, ಒಂದೂ ಕೇಳಲಿಲ್ಲ. ನಾನು ನನ್ನ ಫೋನನ್ನು ಟಿವಿಗೆ ಜೋಡಿಸಿ, ಮೈದುನನ ವರ್ಕ್‌ಶಾಪಿನ ಫೋಟೋ ತೋರಿಸತೊಡಗಿದೆ. ಎಲ್ಲರೂ "ಅಬಬಾ" ಅಂದರು. ತಂದೆಗಂತೂ ಮಾತೇ ನಿಲ್ಲುತ್ತಿರಲಿಲ್ಲ. ಟಿವಿ ಎಲ್ಲಿ ತಂದದ್ದು, ಹೇಗೆ ತಂದದ್ದು, ರಿಕ್ಷಾದವನು ಏನಂದ.

ಟಿವಿಗೆ ಬೆನ್ನು ಮಾಡಿ ಕುಳಿತಿದ್ದವರು ಅತ್ತೆ ಒಬ್ಬರೇ. ಮನೆಯಲ್ಲಿದ್ದ ಮಾವನವರಿಗೆ ಸುದ್ದಿ ಮುಟ್ಟಿಸಬೇಕಲ್ಲ? ಕನ್ನಡಕ ಹಾಕಿಕೊಂಡು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತಿದ್ದರು. ಆ ಗುಂಪಿನಲ್ಲಿ ನಾನೂ ಇದ್ದೇನೆ.

ಟಿವಿಯ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: "ಹುಡುಗಿ ಚಲೋ ಅದಾಳ."

ಎಲ್ಲರೂ ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ನಾನು ನಿಲ್ಲಿಸುವ ಬಟನ್ ಹುಡುಕಿದೆ. ಎಲ್ಲರ ಫೋನಿನಲ್ಲೂ ಕಣ್ಣುಮುಚ್ಚಿ ಹುಡುಕುವ ಬಟನ್ ನನ್ನ ಫೋನಿನಲ್ಲಿ ಸಿಗಲಿಲ್ಲ.

"ಪೋಹೇಕ ಉಪ್ಪಿಲ್ಲ."

ಹುಡುಗಿಯ ತಾಯಿ ತಾಟಿನ ಕಡೆ ನೋಡಿದರು.

"ಅಪ್ಪ ಭಾಳ ಮಾತಾಡ್ತಾನ."

ರಿಕ್ಷಾದವನ ಕತೆ ಅರ್ಧಕ್ಕೆ ನಿಂತಿತು. ಅತ್ತೆ ತಲೆಯೆತ್ತಿ ಒಮ್ಮೆ ಸುತ್ತ ನೋಡಿದರು, ಮತ್ತೆ ಬರೆದರು.

"ಈಗ ಸುಮ್ಮಾದ."

ಹುಡುಗಿ ಸೆರಗು ಬಾಯಿಗೊತ್ತಿ ಒಳಗೆ ಓಡಿದಳು. ಅಡುಗೆಮನೆಯಿಂದ ಅವಳ ನಗು ಕೇಳುತ್ತಿತ್ತು. ಮೈದುನನೂ ಮುಖ ತಿರುಗಿಸಿ ನಗುತ್ತಿದ್ದ. ಆ ಇಬ್ಬರನ್ನು ಬಿಟ್ಟರೆ ಬೇರೆ ಯಾರೂ ನಗಲಿಲ್ಲ. ಅವರಿಬ್ಬರಿಗೂ ಕೂಡುತ್ತಿತ್ತು ಅಂತ ನನಗೆ ಆಗಲೇ ಅನಿಸಿತು.

ಆಮೇಲೆ ನಡುವಿನವರು ಮನೆಗೆ ಬಂದು "ಆಗೂದಿಲ್ಲ ಅಂದಾರ" ಅಂದರು. ಮೈದುನ "ಇರ್ಲಿ ಬಿಡ್ರಿ" ಅಂದ. ಆದರೆ ಮುಂದೆ ಯಾವ ಹೆಣ್ಣಿನ ಮಾತು ತೆಗೆದರೂ ವರ್ಕ್‌ಶಾಪಿನಲ್ಲಿ ಕೆಲಸವಿದೆ ಅಂತ ಎದ್ದು ಹೋಗುತ್ತಿದ್ದ. 'ನನಗ ಟಿವಿದ್ದು ಬರೂದಿಲ್ರಿ' ಅಂತ ಒಂದು ಮಾತು ಅಂದಿದ್ದರೆ ಆಗಿಹೋಗುತ್ತಿತ್ತಲ್ಲ ಅಂತ ನಾನು ಎಷ್ಟು ಸಲ ಹಲುಬಿದ್ದೇನೋ.

ಮಳೆಗಾಲ ಕಳೆದ ಮೇಲೆ ಅದೇ ತಂದೆಯ ಫೋನು ಬಂತು. ಮಗಳ ಮದುವೆ ಮಿರಜಿನ ಹುಡುಗನ ಜೊತೆ ಗೊತ್ತಾಗಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಅವಳ ಅಜ್ಜಿಗೆ ಮದುವೆಯನ್ನು ಫೋನಿನಲ್ಲೇ ತೋರಿಸಬೇಕು. "ನಿಮ್ಮಷ್ಟು ತಿಳದವರು ನಮಗ ಯಾರೂ ಗುರ್ತಿಲ್ರಿ. ನೀವ ಬಂದು ಮಾಡಿಕೊಡಬೇಕು."

ಅಜ್ಜಿಯ ಹೆಸರು ತೆಗೆದ ಮೇಲೆ ಒಲ್ಲೆ ಅನ್ನಲಾಗಲಿಲ್ಲ. ನನ್ನ ಗಂಡ ಊರಲ್ಲಿರಲಿಲ್ಲ. ಹೇಗೆ ಹೋಗಲಿ ಅಂತ ನಿಂತಾಗ ಮೈದುನನೇ ಗಾಡಿಯ ಕೀಲಿ ತೆಗೆದುಕೊಂಡ. "ನಡೀರಿ ವೈನಿ, ನಾ ಬರ್ತೇನಿ."

ಮಂಟಪದಲ್ಲಿ ಗದ್ದಲವೋ ಗದ್ದಲ. ಫೋನು ಇಟ್ಟ ಸ್ಟ್ಯಾಂಡನ್ನು ಮಂದಿ ಕೆಡವುತ್ತಿದ್ದರು. ಮೈದುನ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಷತೆ ಬೀಳುವ ತನಕ ಅಲುಗದೆ ನಿಂತ. ಹುಡುಗಿ ಒಂದು ಸಲ ಈ ಕಡೆ ನೋಡಿದಳು. ಅವಳು ನೋಡಿದ್ದು ಫೋನನ್ನೋ ಅವನನ್ನೋ, ನನಗೆ ತಿಳಿಯಲಿಲ್ಲ. ಅವನ ಕಿವಿಯ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಎಲ್ಲ ಮುಗಿದ ಮೇಲೆ ತಂದೆ ನಮ್ಮ ಹತ್ತಿರ ಬಂದರು. ಅಜ್ಜಿ ಪೂರಾ ಮದುವೆ ನೋಡಿ ಕೈಮುಗಿದರಂತೆ. ಹೇಳುವಾಗ ಅವರ ಕಣ್ಣು ತುಂಬಿತ್ತು. ಮೈದುನನ ಬೆನ್ನು ತಟ್ಟಿದರು.

"ಯಾರ ಪೈಕಿರಿ ಈ ಹುಡುಗಾ? ಎಂಥಾ ತಾಳ್ಮಿ! ಒಂದ್ ಮಾತಾಡ್ಲಿಲ್ಲ, ಜರಾ ಅಲುಗಾಡ್ಲಿಲ್ಲ. ಇಂಥಾವ ನಮ್ಮ ಕಣ್ಣಿಗೆ ಮೊದಲ ಯಾಕ ಬೀಳಲಿಲ್ಲೋ!"

ನನಗೆ ನೆಲ ಬಾಯಿ ತೆರೆದರೆ ಸಾಕಾಗಿತ್ತು. ಮೈದುನ ಸ್ಟ್ಯಾಂಡ್ ಮಡಚಿ ಬಗಲಲ್ಲಿಟ್ಟುಕೊಂಡು, ಭಾಳ ನಮ್ರತೆಯಿಂದ ಅಂದ:

"ನಿಮ್ಮ ಮನಿಗೇ ಬಂದಿದ್ದೆ ರೀ ಮಾಮಾ. ನಡುವ ಟಿವಿ ಅಡ್ಡ ಬಂತು."