ಕೌಂಟರಿನಲ್ಲಿ ಕೆಮ್ಮಬಾರದು

'ನನಗೆ ಅಸ್ತಮಾ ಇದೆ' ಎಂಬ ಮೂರು ಪದಗಳ ವಾಕ್ಯವನ್ನು ನಾಲ್ಕು ಜನರ ಮುಂದೆ ಹೇಳಲು ನನಗೆ ಐವತ್ತು ವರ್ಷ ಬೇಕಾಯಿತು. ಅದನ್ನೂ ನಾನಾಗಿ ಹೇಳಲಿಲ್ಲ. ನನ್ನ ಬಾಯಿ ಬಿಡಿಸಿದ್ದು ಎದುರು ಹೋಟೆಲಿನವರು ಹಾಕಿದ ಒಣಮೆಣಸಿನಕಾಯಿ ಒಗ್ಗರಣೆ. ಕಾಯಿಲೆಗಳಲ್ಲಿ ಕೆಲವಕ್ಕೆ ಸಮಾಜದಲ್ಲಿ ಒಳ್ಳೆಯ ಸ್ಥಾನಮಾನವಿದೆ. ಮದುವೆಮನೆಯ ಊಟದ ಸಾಲಿನಲ್ಲಿ ಕುಳಿತವರು ತಮಗೆ ಶುಗರ್ ಇದೆಯೆಂದು ಗಟ್ಟಿಯಾಗಿ ಸಾರಿ, ಬಡಿಸುವವನು ಮುಂದೆ ಹೋಗುವಷ್ಟರಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ಬಿ.ಪಿ. ಬಂದವರು ಬಡ್ತಿ ಬಂದಷ್ಟೇ ಗಂಭೀರವಾಗಿ ಆ ಸುದ್ದಿ ಹೇಳುತ್ತಾರೆ. ಅಸ್ತಮಾಕ್ಕೆ ಆ ಮರ್ಯಾದೆ ಇಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಕೇಳಿದರೆ ಧೂಳಿಗೆ ಸ್ವಲ್ಪ ನೆಗಡಿಯಾಗುತ್ತದೆ ಎಂದಷ್ಟೇ ಹೇಳಬೇಕೆಂದು ಅಮ್ಮ ತಾಕೀತು ಮಾಡಿದ್ದಳು. ಅವರು ಕೇಳಲೂ ಇಲ್ಲ. ನನ್ನ ಗಂಡ ರಮೇಶ್ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ಇನ್‌ಸ್ಪೆಕ್ಟರ್ ಆಗಿದ್ದರು. ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುತ್ತಿದ್ದ ಮನುಷ್ಯ. ತಮ್ಮ ತಪಾಸಣೆಯಲ್ಲಿ ತಪ್ಪಿಸಿಕೊಂಡು ಬಂದ ಒಂದೇ ಒಂದು ದೋಷ ನನ್ನ ಶ್ವಾಸಕೋಶ ಎಂದು ಅವರು ಈಗಲೂ ಹೇಳುವುದುಂಟು.

ಇದರಲ್ಲಿ ತಮಾಷೆ ಏನೆಂದರೆ ನಾನು ಫಾರ್ಮಸಿಸ್ಟ್. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಮೆಡಿಕಲ್ ಸ್ಟೋರೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೆಲಸ. ಕೇಸರಿ ಬಣ್ಣದ ಇನ್‌ಹೇಲರ್ ದಿನಾ ಎರಡು ಹೊತ್ತು ತಗೊಳ್ಳಬೇಕು, ಚೆನ್ನಾಗಿದ್ದೀನಿ ಅಂತ ಬಿಡಬಾರದು, ಆಮೇಲೆ ಬಾಯಿ ಮುಕ್ಕಳಿಸಬೇಕು, ನೀಲಿಯದು ಉಸಿರು ಕಟ್ಟಿದಾಗ ಮಾತ್ರ ಎಂದು ಸಾವಿರ ಸಲ ಊರಿಗೆಲ್ಲ ಹೇಳಿದ್ದೇನೆ. ನನ್ನ ಇನ್‌ಹೇಲರ್ ಮಾತ್ರ ವ್ಯಾನಿಟಿ ಬ್ಯಾಗಿನ ತಳದಲ್ಲಿ, ಕರ್ಚೀಫಿನೊಳಗೆ ಕಳ್ಳಮಾಲಿನಂತೆ ಇರುತ್ತಿತ್ತು. ನೆನಪಾದರೆ ತಗೊಳ್ಳುವುದು, ಇಲ್ಲದಿದ್ದರೆ ಇಲ್ಲ. ತೀರಾ ಕಷ್ಟವಾದಾಗ ಸ್ಟಾಕ್ ನೋಡುವ ನೆಪದಲ್ಲಿ ಗೋದಾಮಿಗೆ ಹೋಗಿ ಎರಡು ಸಲ ಎಳೆದುಕೊಂಡು ಬರುತ್ತಿದ್ದೆ. ಅಂಗಡಿಯಲ್ಲಿ ಇಷ್ಟು ಶ್ರದ್ಧೆಯಿಂದ ಸ್ಟಾಕ್ ನೋಡುವವರು ಇನ್ನೊಬ್ಬರಿಲ್ಲ ಎಂದು ಮಾಲೀಕರಾದ ಮುನಿರೆಡ್ಡಿಯವರು ನನ್ನನ್ನು ಹೊಗಳುತ್ತಿದ್ದರು.

ಹೀಗಿರುವಾಗ ಕೊರೊನಾ ಬಂತು. ಎಲ್ಲ ಅಂಗಡಿಗಳೂ ಮುಚ್ಚಿದವು, ನಮ್ಮದು ತೆರೆದೇ ಇತ್ತು. ಮುನಿರೆಡ್ಡಿಯವರು ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿಸಿ, ರಸ್ತೆಯುದ್ದಕ್ಕೂ ಸುಣ್ಣದಲ್ಲಿ ವೃತ್ತಗಳನ್ನು ಬರೆಸಿದರು. ಈಗ ಅಂಗಡಿ ಇರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಆ ವೃತ್ತಗಳನ್ನು ಅವರು ಅಳೆದು ಬರೆಸಿದ ರೀತಿ ನೋಡಿದರೆ ಪೈರು ನಾಟಿ ಮಾಡಲು ಹೊರಟಂತಿತ್ತು. ನಾನೂ, ಪುಲಿಕೇಶಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನಸ್ರೀನ್ ಎಂಬ ಇನ್ನೊಬ್ಬ ಫಾರ್ಮಸಿಸ್ಟೂ ಹಗ್ಗದ ಈಚೆ ನಿಂತು ಔಷಧಿ ಕೊಡುತ್ತಿದ್ದೆವು. ದೇಶ ಕಾಯುವ ಸೈನಿಕರಿಗಾಗುವಷ್ಟು ಹೆಮ್ಮೆ ನನಗೆ. ಪಾಸ್ ತೋರಿಸಿದಾಗ ಪೊಲೀಸರು ದಾರಿ ಬಿಡುತ್ತಿದ್ದರು. ಅಷ್ಟು ಗೌರವ ನನಗೆ ಹಿಂದೆ ಎಲ್ಲೂ ಸಿಕ್ಕಿರಲಿಲ್ಲ.

ಮೂರನೆಯ ವಾರವಿರಬೇಕು. ಪಾರ್ಸೆಲ್ ಕೊಡಲು ಅನುಮತಿ ಸಿಕ್ಕ ಉತ್ಸಾಹದಲ್ಲಿ ಎದುರು ಹೋಟೆಲಿನವರು ಒಂದು ದೊಡ್ಡ ಬಾಣಲೆಗೆ ಮೆಣಸಿನಕಾಯಿ ಸುರಿದರು. ಘಾಟು ನೆಟ್ಟಗೆ ರಸ್ತೆ ದಾಟಿ ನನ್ನ ಮಾಸ್ಕಿನೊಳಗೆ ಬಂತು. ತಡೆದೆ. ಕಣ್ಣಲ್ಲಿ ನೀರು ಬಂತು, ಆದರೂ ತಡೆದೆ. ಆಮೇಲೆ ತಡೆಯಲಾಗದೆ ಕೆಮ್ಮಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ತಲೆಯೆತ್ತಿ ನೋಡಿದರೆ ವೃತ್ತಗಳಷ್ಟೇ ಇದ್ದವು, ಒಳಗಿದ್ದ ಜನ ಇರಲಿಲ್ಲ. ಒಬ್ಬರು ತಮ್ಮ ಔಷಧಿ ಚೀಟಿಯನ್ನೂ ಬಿಟ್ಟು ಓಡಿದ್ದರು. ಗೋದಾಮಿಗೆ ಹೋಗುವಷ್ಟು ಉಸಿರು ಇರಲಿಲ್ಲವಾದ್ದರಿಂದ ಅಲ್ಲೇ, ಮುನಿರೆಡ್ಡಿಯವರ ಮತ್ತು ನಸ್ರೀನಳ ಕಣ್ಣೆದುರೇ, ಬ್ಯಾಗಿನಿಂದ ನೀಲಿ ಇನ್‌ಹೇಲರ್ ತೆಗೆದು ಎಳೆದುಕೊಂಡೆ. ಮಾತು ಬಂದ ಮೇಲೆ ಆ ಮೂರು ಪದಗಳ ವಾಕ್ಯವನ್ನು ಹೇಳಿದೆ. ಮುನಿರೆಡ್ಡಿಯವರು, ಕೆಲಸ ಎಲ್ಲೂ ಹೋಗುವುದಿಲ್ಲ, ಬರುವುದೋ ಬಿಡುವುದೋ ನೀವೇ ತೀರ್ಮಾನ ಮಾಡಿ ಎಂದು ಹೇಳಿ, ಹೋಟೆಲಿನವರ ಜೊತೆ ಜಗಳಕ್ಕೆ ಹೋದರು.

ತೀರ್ಮಾನ ಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ಶ್ವಾಸಕೋಶದ ಡಾಕ್ಟರಿಗೆ ವಿಡಿಯೊ ಕರೆ ಮಾಡಿದೆ. ಅವರು, ಔಷಧಿಯನ್ನು ಸರಿಯಾಗಿ ತೆಗೆದುಕೊಂಡು ಹತೋಟಿಯಲ್ಲಿಟ್ಟುಕೊಂಡವರ ಮಾತು ಬೇರೆ, ನಿಮ್ಮ ಮಾತು ಬೇರೆ ಎಂದರು. ದಿನಾ ತಗೊಳ್ಳುತ್ತಿದ್ದೀರಾ ಎಂದು ಕೇಳಿದಾಗ ನಾನು ನೆಟ್‌ವರ್ಕ್ ಸರಿಯಿಲ್ಲದವಳಂತೆ ಮುಖ ಮಾಡಿದೆ. ಅವರಿಗೆ ಅರ್ಥವಾಯಿತು. ಬೆಳಗಿನಿಂದ ಸಂಜೆಯವರೆಗೆ ಕಾಯಿಲೆಯವರನ್ನೇ ಎದುರಿಗೆ ನಿಲ್ಲಿಸಿಕೊಳ್ಳುವ ಕೆಲಸ ಸದ್ಯಕ್ಕೆ ಬೇಡ ಎಂಬುದು ಅವರ ಸಲಹೆ. ಮನೆಯಲ್ಲಿ ರಮೇಶ್ ಅದನ್ನು ಸಲಹೆಯಾಗಿ ಉಳಿಸಲಿಲ್ಲ, ಆಜ್ಞೆ ಮಾಡಿದರು. ಮಹಡಿಯ ಮೇಲಿನ ಕೋಣೆ ನನಗೆ, ಗಾಳಿಗೆ ಎರಡು ಕಿಟಕಿ, ಊಟ ಬಾಗಿಲಿಗೆ, ತರಕಾರಿಗೆ ಉಪ್ಪುನೀರಿನ ಸ್ನಾನ, ಹಾಲಿನ ಪ್ಯಾಕೆಟ್ಟಿಗೆ ಸೋಪು. ಕಾರ್ಖಾನೆಯಲ್ಲಿ ಇನ್ನೂ ತೀರ್ಮಾನವಾಗದ ಮಾಲಿಗೆ ಕಟ್ಟುತ್ತಿದ್ದ ಹಳದಿ ಚೀಟಿಯೊಂದು ಅವರ ಹಳೇ ಪೆಟ್ಟಿಗೆಯಲ್ಲಿ ಉಳಿದಿತ್ತು. ಅದನ್ನು ನನ್ನ ಕೋಣೆಯ ಬಾಗಿಲಿಗೆ ಕಟ್ಟಿದರು. ಚೀಟಿ ನೋಡಿ ನನಗೆ ಬಂದ ಸಿಟ್ಟಿಗೆ, ಮಾರನೆಯ ದಿನ ಕೆಲಸಕ್ಕೆ ಹೋಗಿಯೇ ತೀರುತ್ತೇನೆಂದು ಡಬ್ಬಿಗೆ ಚಿತ್ರಾನ್ನವನ್ನೂ ಕಲಸಿಟ್ಟೆ. ನಾನಿಲ್ಲದೆ ಅಂಗಡಿ ನಡೆಯುವುದು ಹೇಗೆ ಎಂಬ ಚಿಂತೆ ನನಗೆ ನಿಜವಾಗಿಯೂ ಇತ್ತು.

ಬೆಳಿಗ್ಗೆ ಹೊರಡುವ ಮುಂಚೆ ನಸ್ರೀನಳಿಗೆ ಫೋನ್ ಮಾಡಿ ಬರುತ್ತಿದ್ದೇನೆಂದು ಹೇಳಿದೆ. ಅವಳು ಹೀಗೆಂದಳು:

"ಅಕ್ಕ, ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿನ್ನೆ ನೀವು ಕೆಮ್ತಾ ಇದ್ದಾಗ ನನಗೆ ಕೈಕಾಲೇ ಆಡ್ಲಿಲ್ಲ. ನೀವು ಬಂದ್ರೆ ನಾನು ಗಿರಾಕಿಗಳನ್ನ ನೋಡ್ಕೊಳ್ಲಾ, ನಿಮ್ಮನ್ನ ನೋಡ್ಕೊಳ್ಲಾ?"

ಡಾಕ್ಟರು ಹೇಳಿದ್ದು, ಗಂಡ ಹೇಳಿದ್ದು ಯಾವುದೂ ತಲೆಗೆ ಹೋಗಿರಲಿಲ್ಲ. ಇದು ಹೋಯಿತು. ಚಿತ್ರಾನ್ನದ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಹಳದಿ ಚೀಟಿಯ ಕೋಣೆಗೆ ಹೋಗಿ, ಅಲ್ಲೇ ಕುಳಿತು ತಿಂದೆ. ಸ್ವಲ್ಪ ಅತ್ತಿದ್ದೂ ನಿಜ.

ಇನ್ನು ಅಂಗಡಿಯ ಕಥೆ. ನಾನಿಲ್ಲದೆ ಒಂದೇ ದಿನಕ್ಕೆ ಕುಸಿದು ಬೀಳುತ್ತದೆಂದು ಫೋನನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಇಟ್ಟುಕೊಂಡು ಕಾದೆ. ಮೊದಲನೆಯ ದಿನ ಯಾರೂ ಕರೆಯಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಫೋನ್ ಕೆಟ್ಟಿರಬಹುದೆಂದು ಕೆಳಗಿದ್ದ ರಮೇಶರಿಂದ ಒಂದು ಕರೆ ಮಾಡಿಸಿ ಪರೀಕ್ಷಿಸಿದೆ. ಚೆನ್ನಾಗಿಯೇ ಇತ್ತು. ಇಪ್ಪತ್ತೆರಡು ವರ್ಷ ನನ್ನ ಹೆಗಲ ಮೇಲೆ ನಿಂತಿದೆ ಎಂದುಕೊಂಡಿದ್ದ ಅಂಗಡಿ ತನ್ನ ಕಾಲ ಮೇಲೆ ಆರಾಮಾಗಿ ನಿಂತಿತ್ತು. ನಾಲ್ಕನೆಯ ದಿನ ನಸ್ರೀನ್ ಒಂದು ಫೋಟೊ ಕಳಿಸಿದಳು. ಹಲಸೂರಿನ ಹಳೇ ಡಾಕ್ಟರೊಬ್ಬರ ಔಷಧಿ ಚೀಟಿ. ಅವರ ಅಕ್ಷರ ಓದಲು ನಮ್ಮ ಅಂಗಡಿಯಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ಅದನ್ನು ಓದಿ ಹೇಳಿದಾಗ ನನಗಾದ ಸಂತೋಷ, ಆಣೆ ಮಾಡಿ ಹೇಳುತ್ತೇನೆ, ಡಿಪ್ಲೊಮಾ ಪಾಸಾದಾಗಲೂ ಆಗಿರಲಿಲ್ಲ. ಅಲ್ಲಿಂದ ಶುರುವಾಯಿತು. ಡಾಕ್ಟರ ಬಳಿ ಹೋಗಲು ಹೆದರಿದವರು, ಯಾವ ಮಾತ್ರೆ ಊಟಕ್ಕೆ ಮುಂಚೆ ಯಾವುದು ಆಮೇಲೆ ಎಂದು ಗೊಂದಲವಾದವರು, ಹಗ್ಗದಾಚೆಯಿಂದ ಕಿವಿ ಕೇಳದವರು, ಎಲ್ಲರಿಗೂ ಮುನಿರೆಡ್ಡಿಯವರು ನನ್ನ ನಂಬರು ಕೊಡತೊಡಗಿದರು. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೋಣೆ ಅಂಗಡಿಯಾಗುತ್ತಿತ್ತು. ರಮೇಶ್ ಮೇಜು ತಂದು ಹಾಕಿದರು. ಹಳದಿ ಚೀಟಿಯನ್ನು ತಾವಾಗಿಯೇ ಬಿಚ್ಚಿಕೊಂಡು ಹೋದರು.

ಹೀಗೆ ಫೋನಿನಲ್ಲಿ ಸಿಕ್ಕವರು ಜೀವನ್ ಬಿಮಾ ನಗರದ ಅನಸೂಯಮ್ಮ. ಎಪ್ಪತ್ತರ ಆಸುಪಾಸು. ಮದುವೆಯಾಗದೆ, ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ, ಸ್ವಂತ ಮನೆಯಲ್ಲಿ ಒಬ್ಬರೇ ರಾಣಿಯಂತೆ ಇದ್ದವರು. ಇನ್‌ಹೇಲರಿನಿಂದ ಮೂರು ವರ್ಷದಲ್ಲಿ ಮೂರು ಕಾಸಿನ ಉಪಯೋಗವಾಗಿಲ್ಲ ಎಂಬುದು ಅವರ ದೂರು. ಹೇಗೆ ತಗೊಳ್ಳುತ್ತೀರಿ, ವಿಡಿಯೊದಲ್ಲಿ ತೋರಿಸಿ ಎಂದೆ. ಅವರು ಇನ್‌ಹೇಲರನ್ನು ಒಂದು ಮೊಳ ದೂರದಲ್ಲಿ ಹಿಡಿದು, ಸೊಳ್ಳೆಗೆ ಹೊಡೆಯುವಂತೆ ಗಾಳಿಗೆ ಹೊಡೆದು, ಸೆಂಟು ಮೂಸುವವರಂತೆ ಮುಖ ಮುಂದಕ್ಕೆ ತಂದರು. ಮೂರು ವರ್ಷದಿಂದ ಆ ಮನೆಯ ಗಾಳಿಗೆ ಅಸ್ತಮಾ ಬರದಂತೆ ಅವರು ಕಾಪಾಡಿದ್ದರು. ಹೇಳಿದರೆ ತಿಳಿಯುವಂತಿರಲಿಲ್ಲ, ಮಾಡಿ ತೋರಿಸಬೇಕಿತ್ತು. ನನ್ನದನ್ನೇ ತೆಗೆದು ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಮುಚ್ಚಿ, ಒತ್ತಿ, ನಿಧಾನವಾಗಿ ಎಳೆದು, ಹತ್ತು ಎಣಿಸಿದೆ. ಇಷ್ಟು ಚೆನ್ನಾಗಿ ಯಾರು ಕಲಿಸಿದರೆಂದು ಕೇಳಿದರು. ಈ ಸಲ ನಾನಾಗಿಯೇ ಹೇಳಿದೆ: ನನಗೂ ಅಸ್ತಮಾ ಇದೆ. ಅವರ ಮುಖ ಅರಳಿತು. ಇಬ್ಬರೂ ದಿನಾ ಬೆಳಿಗ್ಗೆ ಎಂಟಕ್ಕೆ ಒಟ್ಟಿಗೇ ತಗೊಳ್ಳೋಣ ಎಂದು ಅವರೇ ನಿಯಮ ಮಾಡಿದರು. ಅವರಿಗೆ ಕಲಿಸುವ ಹಟದಲ್ಲಿ, ಇಡೀ ಊರಿಗೆ ಉಪದೇಶ ಮಾಡಿದ್ದ ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ದಿನವೂ ತಪ್ಪದೆ ಔಷಧಿ ತೆಗೆದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು.

ಒಂದು ಬೆಳಿಗ್ಗೆ ಎಂಟಾದರೂ ಅವರ ಕರೆ ಬರಲಿಲ್ಲ. ಎಂಟೂ ಐದಕ್ಕೆ ನಾನೇ ಮಾಡಿದೆ. ಎತ್ತಿದರು. "ಮನೆ... ತೊಳೆದೆ... ಬ್ಲೀಚಿಂಗ್..." ಎಂದರು. ಅಷ್ಟೇ. ಅನಸೂಯಮ್ಮ ಒಂದು ವಾಕ್ಯವನ್ನು ಮುಗಿಸದೆ ಬಿಟ್ಟಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಪದಗಳ ನಡುವೆ ಆ ಥರ ಉಸಿರು ಕಟ್ಟುವುದು ಏನೆಂದು ನನ್ನ ಎದೆಗೆ ಗೊತ್ತಿತ್ತು.

"ಮಾತಾಡ್ಬೇಡಿ. ಮುಂಬಾಗಿಲು ತೆಗೆದು ಅಲ್ಲೇ ಕುರ್ಚಿ ಮೇಲೆ ನೆಟ್ಟಗೆ ಕೂತ್ಕೊಳ್ಳಿ. ನೀಲಿದು ತಗೊಳ್ಳಿ. ನಾನು ಲೈನಲ್ಲೇ ಇದೀನಿ."

ರಮೇಶರನ್ನು ಕೂಗಿದೆ. ಅವರು ತಮ್ಮ ಫೋನಿನಿಂದ ಆಂಬುಲೆನ್ಸಿಗೆ ಕರೆ ಮಾಡಿದರು, ಬರುವುದು ತಡವಾಗುತ್ತದೆಂದು ಉತ್ತರ ಬಂತು. ಮುನಿರೆಡ್ಡಿಯವರಿಗೆ ಮಾಡಿದರು. ಮುನಿರೆಡ್ಡಿಯವರು ಒಂದು ಪ್ರಶ್ನೆಯನ್ನೂ ಕೇಳದೆ, ಮಾಸ್ಕಿನ ಮೇಲೆ ಹೆಲ್ಮೆಟ್ ಹಾಕಿ ಅದರ ಗಾಜನ್ನೂ ಇಳಿಸಿಕೊಂಡು, ಕಾರಿನ ನಾಲ್ಕೂ ಕಿಟಕಿ ತೆರೆದು ಹೊರಟರಂತೆ. ನಾನು ಈ ಕಡೆ ಒಂದೊಂದು ಸಲಕ್ಕೂ ಎಣಿಸುತ್ತ, ಒತ್ತಿ, ಎಳೀರಿ, ಬಿಡಿ ಎನ್ನುತ್ತ ಕುಳಿತಿದ್ದೆ. ಎಷ್ಟೋ ಹೊತ್ತಾದಂತೆ ಅನಿಸಿದ ಮೇಲೆ ಆ ಕಡೆಯಿಂದ ಹೆಲ್ಮೆಟ್ಟಿನೊಳಗಿನ ಧ್ವನಿ ಬಂತು. "ಸುಮಮ್ಮೋರೆ, ಬಂದಿದೀನಿ. ಇನ್ನು ನೀವು ಫೋನ್ ಇಡಿ." ಇಟ್ಟು, ಕುರ್ಚಿಯಿಂದಿಳಿದು ಕೆಳಗೆ ಕುಳಿತೆ. ರಮೇಶ್ ನೆಲದ ಮೇಲೆ ನನ್ನ ಪಕ್ಕದಲ್ಲೇ ಕುಳಿತರು, ನನ್ನಿಂದ ಆರು ಅಡಿ ದೂರವಿರಬೇಕೆಂದು ತಾವೇ ಮಾಡಿಕೊಂಡಿದ್ದ ನಿಯಮವನ್ನು ಮರೆತು.

ಅನಸೂಯಮ್ಮ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಕೊರೊನಾ ಅಲ್ಲ, ಬ್ಲೀಚಿಂಗ್ ಪೌಡರಿನ ಘಾಟು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಅನಸೂಯಮ್ಮ, ಕೈಯಲ್ಲಿ ಕೇಸರಿ ಇನ್‌ಹೇಲರ್. ತಾವು ಇಲ್ಲದ ನಾಲ್ಕು ದಿನ ನಾನು ತಪ್ಪಿಸಿಲ್ಲ ತಾನೆ ಎಂದು ಮೊದಲು ವಿಚಾರಿಸಿಕೊಂಡರು. ಸುದ್ದಿ ಮಾರ್ಕೆಟ್ ರಸ್ತೆಯಲ್ಲೆಲ್ಲ ಹಬ್ಬಿತು. ಜನ ಅಂಗಡಿಗೆ ಬಂದು 'ಆ ಫೋನ್ ಮೇಡಂ' ಎಂದು ಕೇಳತೊಡಗಿದರು. ಮನೆಯಲ್ಲಿ ಕುಳಿತೇ ನಾನು ಕೌಂಟರಿನಲ್ಲಿ ನಿಂತಾಗ ಇದ್ದದ್ದಕ್ಕಿಂತ ದೊಡ್ಡ ಮನುಷ್ಯಳಾದೆ. ಈ ಮಾತನ್ನು ನಾನು ರಮೇಶರಿಗೆ ದಿನಕ್ಕೆರಡು ಸಲ, ಊಟಕ್ಕೆ ಮುಂಚೆ ಒಮ್ಮೆ ಮತ್ತು ಆಮೇಲೆ ಒಮ್ಮೆ, ನೆನಪಿಸುತ್ತಿದ್ದೆ.

ಎರಡು ಲಸಿಕೆಯೂ ಆಗಿ, ಡಾಕ್ಟರು ನನ್ನ ಎದೆಗೆ ಕಿವಿಗೊಟ್ಟು ಇನ್ನು ಹೋಗಬಹುದು ಎಂದ ಮೇಲೆ ಕೆಲಸಕ್ಕೆ ಮರಳಿದೆ. ರೇಷ್ಮೆ ಅಂಚಿನ ಸೀರೆ ಉಟ್ಟೆ. ಮುನಿರೆಡ್ಡಿಯವರು ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದ್ದರು. ಎರಡು ಮಾಸ್ಕು ಹಾಕಿ ನಾನು ಕೌಂಟರಿಗೆ ಬಂದು ನಿಂತೆ. ಮೊದಲ ಗಿರಾಕಿ ಒಬ್ಬರು ಮಧ್ಯವಯಸ್ಸಿನವರು. ಅವರು ಚೀಟಿ ಕೊಟ್ಟರು, ನಾನು ಔಷಧಿ ತೆಗೆದು, ಹೇಗೆ ತಗೊಳ್ಳಬೇಕೆಂದು ವಿವರವಾಗಿ ಹೇಳಿದೆ. ಅವರು ನನ್ನನ್ನು ದಾಟಿ ನಸ್ರೀನಳ ಕಡೆ ನೋಡಿದರು.

"ಆ ಫೋನ್ ಮೇಡಂನ ಒಂದ್ಸಲ ಕೇಳ್ಬಿಡಿಮ್ಮ. ಈ ಹೊಸಬರಿಗೆಲ್ಲ ಗೊತ್ತಾಗಲ್ಲ."

ಅದು ನಾನೇ ಎಂದು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಮೇಡಂ ಧ್ವನಿಯೇ ಬೇರೆ, ತಾವು ಎಷ್ಟು ಸಲ ಮಾತಾಡಿಲ್ಲ ಎಂದು ತಲೆಯಾಡಿಸಿದರು. ನಸ್ರೀನ್ ಗೋಡೆಯ ಕಡೆ ತಿರುಗಿ ನಿಂತು ಏನನ್ನೋ ಹುಡುಕತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ಬೇರೆ ದಾರಿ ಇರಲಿಲ್ಲ. ಗೋದಾಮಿಗೆ ಹೋಗಿ, ಬಾಗಿಲು ಮುಚ್ಚಿ, ಎರಡೂ ಮಾಸ್ಕು ಇಳಿಸಿ, ಬಿಲ್ಲಿನಲ್ಲಿದ್ದ ಅವರ ನಂಬರಿಗೆ ಫೋನ್ ಮಾಡಿ, ಈಗ ತಾನೆ ಹೇಳಿದ್ದನ್ನೇ ಒಂದಕ್ಷರ ಬಿಡದೆ ಮತ್ತೆ ಹೇಳಿದೆ. ಅವರಿಗೆ ಪೂರ್ಣ ಸಮಾಧಾನವಾಯಿತು. ಫೋನ್ ಇಡುವ ಮುಂಚೆ ಧ್ವನಿ ತಗ್ಗಿಸಿ, "ಮೇಡಂ, ನಿಮ್ಮ ಅಂಗಡೀಲಿ ಯಾರೋ ಹೊಸ ಹೆಂಗಸು ಸೇರ್ಕೊಂಡವ್ರೆ. ಪಾಪ, ಸ್ವಲ್ಪ ಹೇಳ್ಕೊಡಿ" ಎಂದರು.

ಖಂಡಿತ ಹೇಳಿಕೊಡುತ್ತೇನೆ ಎಂದು ಮಾತು ಕೊಟ್ಟೆ.