ಕೆಂಪು ಚುಕ್ಕೆಯ ಕುರ್ಚಿ

ಉಗ್ರಾಣದ ಗುಮಾಸ್ತರ ಆ ದಿನದ ಫಜೀತಿ ಶುರುವಾದದ್ದು ಕಡಲೆಕಾಳಿನಷ್ಟು ದೊಡ್ಡ ಒಂದು ಕೆಂಪು ಚುಕ್ಕೆಯಿಂದ. ಬೆಳಿಗ್ಗೆ ಎದ್ದು ನೋಡಿದರೆ, ಅಪ್ಪನ ಕಾಲದಿಂದ ಬಂದ ಅವರ ಆರಾಮಕುರ್ಚಿಯ ಕೈಮೇಲೆ ಅದು ಕೂತಿತ್ತು. ಉಗುರುಬಣ್ಣದ್ದು.

ಬೇರೆ ಯಾರಾದರೂ ಆಗಿದ್ದರೆ ಒರೆಸಿ ಸುಮ್ಮನಾಗುತ್ತಿದ್ದರು. ಆದರೆ ಇವರು ಇಪ್ಪತ್ತೆರಡು ವರ್ಷದಿಂದ ಆಫೀಸಿನಲ್ಲಿ ಮಾಡುತ್ತ ಬಂದದ್ದೇ ಚುಕ್ಕೆ ಇಡುವ ಕೆಲಸ. ಕಾಲು ಮುರಿದ ಮೇಜಾಗಲಿ, ಬಾಗಿಲು ಕಳಚಿದ ಬೀರುವಾಗಲಿ, ಅವರ ಕುಂಚದಿಂದ ಒಂದು ಕೆಂಪು ಚುಕ್ಕೆ ಬಿತ್ತೆಂದರೆ ಗುಜರಿ ಲಾರಿ ಹತ್ತಿದ ಹಾಗೆಯೇ. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಹೆಂಡತಿ ನಾಲ್ಕು ತಿಂಗಳಿಂದ ಎದುರುಮನೆಯ ಡ್ರಾಯಿಂಗ್ ಟೀಚರ ಬಳಿ, ಬೇಡವಾದ ಸಾಮಾನುಗಳಿಂದ ಮನೆ ಅಲಂಕರಿಸುವುದನ್ನು ಕಲಿಯುತ್ತಿದ್ದಳು. ಕುಕ್ಕರು ಹೂಕುಂಡವಾಗಿತ್ತು. ಗುಮಾಸ್ತರ ಹಳೆ ಪ್ಯಾಂಟು ಗೋಡೆಯಲ್ಲಿ ನೇತಾಡುತ್ತ, ಜೇಬುಗಳಲ್ಲಿ ಕಾಗದಪತ್ರ ಇಟ್ಟುಕೊಂಡಿತ್ತು. ಛತ್ರಿ ದೀಪಕ್ಕೆ ಮುಸುಕಾದ ಮೇಲೆ, ಮಳೆ ಬಂದರೆ ಮೊದಲು ಬಲ್ಬು ಬಿಚ್ಚಬೇಕಿತ್ತು. ಇದನ್ನೆಲ್ಲ ಅವರು ಸಹಿಸಿಕೊಂಡಿದ್ದರು. ಆದರೆ ಈ ಕುರ್ಚಿಯೂ ಹೋದರೆ ಆ ಮನೆಯಲ್ಲಿ ತಮ್ಮದು ಅನ್ನುವ ಜಾಗವೇ ಅವರಿಗೆ ಉಳಿಯುತ್ತಿರಲಿಲ್ಲ. ಇವತ್ತು ಟೀಚರು ಶಿಷ್ಯೆಯರನ್ನು ಕಟ್ಟಿಕೊಂಡು, ಗರಗಸ ಸುತ್ತಿಗೆ ಸಮೇತ ಇವರ ಮನೆಗೇ ಬರುವವರಿದ್ದರು. ನಿನ್ನೆ ಊಟವಾದ ಮೇಲೆ ಹೆಂಡತಿ ಆ ಬಗ್ಗೆ ಏನೇನೋ ವಿವರಿಸಿದ್ದಳು. ಗುಮಾಸ್ತರು ಅದೇ ಕುರ್ಚಿಯಲ್ಲಿ ತೂಕಡಿಸುತ್ತ ಹೂಂಗುಟ್ಟಿದ್ದರು.

ಸುತ್ತ ನೋಡಿದರು. ಹೊಲಿಗೆ ಯಂತ್ರಕ್ಕೂ ಚುಕ್ಕೆ. ಮದುವೆ ಫೋಟೋದ ಚೌಕಟ್ಟಿಗೂ ಚುಕ್ಕೆ. ಇವಳು ಯಾವುದನ್ನೂ ಬಿಡುವುದಿಲ್ಲವಲ್ಲ ಅಂದುಕೊಂಡರು. ಹೆಂಡತಿ ಬಚ್ಚಲಲ್ಲಿದ್ದಳು. ಗುಮಾಸ್ತರು ಬ್ಲೇಡು ತಂದು ಕುರ್ಚಿಯ ಚುಕ್ಕೆಯನ್ನು ಗುರುತೂ ಉಳಿಯದಂತೆ ಕೆರೆದರು. ಭಾವಮೈದುನ ಹನ್ನೊಂದು ವರ್ಷದ ಹಿಂದೆ ಕೊಟ್ಟ, ಕೊಕ್ಕು ಮುರಿದ ಪ್ಲಾಸ್ಟರ್ ಹಂಸ ಮೂಲೆಯಲ್ಲಿ ನಗುತ್ತಿತ್ತು. ಕಿಟಕಿಯಲ್ಲಿದ್ದ ಉಗುರುಬಣ್ಣದ ಶೀಶೆ ತೆಗೆದು, ಯಾವುದಕ್ಕೂ ಇರಲಿ ಎಂದು ಹಂಸಕ್ಕೆ ಒಂದಲ್ಲ, ಎರಡು ಚುಕ್ಕೆ ಇಟ್ಟರು. ಹನ್ನೊಂದು ವರ್ಷದ ಸೇಡು ತೀರಿದ ಸಮಾಧಾನದಲ್ಲಿ ಆಫೀಸಿಗೆ ಹೊರಟರು.

ಹಾಜರಿ ಪುಸ್ತಕಕ್ಕೆ ಬಗ್ಗಿ ಸಹಿ ಹಾಕುವಾಗ ಟಪಾಲು ವಿಭಾಗದಾಕೆ ಅವರ ಬೋಳುತಲೆಯನ್ನೇ ದಿಟ್ಟಿಸಿದಳು.

"ಸಾರ್, ನಿಮ್ಮ ತಲೆ ಮೇಲೆ ಕೆಂಪು ಚುಕ್ಕೆ ಇದೆ."

ಬಾಚಲು ಏನೂ ಉಳಿಯದಿದ್ದ ಮೇಲೆ ಗುಮಾಸ್ತರು ಕನ್ನಡಿಯ ಗೊಡವೆಗೆ ಹೋಗುತ್ತಿರಲಿಲ್ಲ. ಈಗ ಓಡಿಹೋಗಿ, ತಲೆ ಬಗ್ಗಿಸಿ, ಕಣ್ಣು ಮೇಲೆತ್ತಿ ನೋಡಿದರು. ಅದೇ ಬಣ್ಣ, ಅದೇ ಗಾತ್ರ.

ಆ ಆಫೀಸಿನಲ್ಲಿ ಕೆಂಪು ಚುಕ್ಕೆ ಅಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಟೈಪಿಸ್ಟು ಬಂದು ಲಾರಿ ಎಷ್ಟು ಹೊತ್ತಿಗೆ ಬರುತ್ತದೆಂದು ವಿಚಾರಿಸಿದ. ಕಾರಣವಿಲ್ಲದೆ ಯಾವ ಹೆಂಡತಿಯೂ ಈ ಮಟ್ಟಕ್ಕೆ ಹೋಗುವುದಿಲ್ಲ, ನೆನಪು ಮಾಡಿಕೊಳ್ಳಿ ಎಂದರು ಹೆಡ್ ಕ್ಲರ್ಕು. ನೆನಪು ಮಾಡಿಕೊಂಡರೆ ಕಾರಣಗಳಿಗೇನೂ ಬರವಿರಲಿಲ್ಲ. ಗೊರಕೆ, ಮರೆವು, ಹೋದ ತಿಂಗಳು ಕುಕ್ಕರಿನ ಹೂಕುಂಡ ನೋಡಿ ಎಷ್ಟು ಸೀಟಿ ಕೂಗಿದರೆ ಹೂ ಬಿಡುತ್ತದೆಂದು ಕೇಳಿದ್ದು. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಟಪಾಲಿನಾಕೆ ಕನಿಕರಪಟ್ಟು, ಅವರದೇ ಉಗ್ರಾಣದಿಂದ ಬಣ್ಣ ಕರಗಿಸುವ ಥಿನ್ನರ್ ತಂದುಕೊಟ್ಟಳು. ಉಜ್ಜಿ ಉಜ್ಜಿ ಚುಕ್ಕೆಯೇನೋ ಹೋಯಿತು, ತಲೆ ಮಾತ್ರ ಟೊಮೆಟೊ ಹಣ್ಣಾಯಿತು. ಎಲ್ಲೋ ಪೆಟ್ಟು ಬಿದ್ದಿರಬೇಕೆಂದು ಮ್ಯಾನೇಜರು ಅರ್ಧ ದಿನ ರಜೆ ಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಗುಮಾಸ್ತರು ಹೂಕುಂಡವನ್ನು ಹೊಗಳುವ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬಂದರು.

ಮನೆಗೆ ಬಂದು ನೋಡಿದರೆ ನಡುಮನೆಯ ತುಂಬ ಮರದ ಪುಡಿ. ಟೀಚರು, ಶಿಷ್ಯೆಯರು ಇನ್ನೂ ಅಲ್ಲೇ ಇದ್ದರು. ಆರಾಮಕುರ್ಚಿಯ ಕಾಲುಗಳು ಹೂಕುಂಡದ ಸ್ಟ್ಯಾಂಡಾಗಿದ್ದವು. ಕೈಗಳು ಟವೆಲ್ಲು ಹಾಕುವ ಗೂಟವಾಗಿದ್ದವು. ಕೂರುವ ಬಟ್ಟೆ ಚೀಲವಾಗಿ ಗೋಡೆಯಲ್ಲಿ ಪ್ಯಾಂಟಿನ ಪಕ್ಕ ನೇತಾಡುತ್ತಿತ್ತು. ಹಂಸ ಮಾತ್ರ ಧೂಳು ಒರೆಸಿಕೊಂಡು, ಎರಡೂ ಚುಕ್ಕೆ ಸಮೇತ ತನ್ನ ಮೂಲೆಯಲ್ಲೇ ಮೆರೆಯುತ್ತಿತ್ತು.

ಹೆಂಡತಿಯ ಕಣ್ಣು ತುಂಬಿತ್ತು. "ರೀ, ನಾನು ಗೋಂದು ತರೋಕೆ ಹೋಗಿದ್ದೆ. ಬರೋಷ್ಟರಲ್ಲಿ ಟೀಚರು ಕುರ್ಚಿ ಕೊಯ್ದುಬಿಟ್ಟಿದ್ರು. ನಾನೇ ಅದಕ್ಕೆ ಚುಕ್ಕೆ ಇಟ್ಟಿದ್ದೆ. ಎಲ್ಲಿ ಹೋಯ್ತೋ ಗೊತ್ತಿಲ್ಲ."

"ಚುಕ್ಕೆ ಇಟ್ಟಿದ್ದನ್ನ ತಾನೆ ಕೊಯ್ಯೋದು?"

"ಚುಕ್ಕೆ ಇಟ್ಟಿದ್ದನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ ನಿನ್ನೆ ಎರಡು ಸಲ ಹೇಳಿದ್ನಲ್ಲ. ನೀವೂ ಹೂಂ ಅಂದ್ರಿ."

ಗುಮಾಸ್ತರು ತಲೆ ಸವರಿಕೊಂಡರು. "ಮತ್ತೆ ನನ್ನ ತಲೆ ಮೇಲೆ ಯಾಕೆ ಇಟ್ಟೆ?"

ಅವಳು ಶಿಷ್ಯೆಯರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಏನೇ ಆದ್ರೂ ಬಿಟ್ಟುಕೊಡಲ್ಲ ಅನ್ನೋವಂಥದ್ದಕ್ಕೆ ಮೊದಲು ಚುಕ್ಕೆ ಇಡಿ ಅಂದಿದ್ರು ಟೀಚರು. ನಿಮಗೆ ನಿದ್ದೆ ಹತ್ತಿತ್ತು. ಇಟ್ಟೆ."

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಕುರ್ಚಿ ಹೋದದ್ದು ಹೋಯಿತು, ತಾವು ಉಳಿದರಲ್ಲ. ಎಷ್ಟು ಖುಷಿಯಾಯಿತೆಂದರೆ ಬಾಯಿಪಾಠ ಮಾಡಿದ್ದನ್ನೆಲ್ಲ ಹೂಕುಂಡಕ್ಕೆ ಒಪ್ಪಿಸಿ, ಸ್ಟ್ಯಾಂಡನ್ನೂ ಹೊಗಳಿದರು. ಆಮೇಲೆ ಕೂರಲು ಜಾಗ ಕಾಣದೆ ಪ್ಯಾಂಟಿನ ಪಕ್ಕ ಗೋಡೆಗೆ ಒರಗಿ ನಿಂತರು.

ಡ್ರಾಯಿಂಗ್ ಟೀಚರು ಗರಗಸ ಕೆಳಗಿಡದೆ, ಕನ್ನಡಕ ಸರಿಮಾಡಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇವರ ಮೇಲೂ ಚುಕ್ಕೆ ಕಾಣ್ತಿಲ್ವಲ್ಲಮ್ಮ."

ಗುಮಾಸ್ತರು ನೆಟ್ಟಗೆ ಕಿಟಕಿಗೆ ಹೋಗಿ ಉಗುರುಬಣ್ಣದ ಶೀಶೆ ತಂದು ಹೆಂಡತಿಯ ಕೈಗಿಟ್ಟು, ಅವಳ ಮುಂದೆ ತಲೆ ಬಗ್ಗಿಸಿ ನಿಂತರು. ಅವಳು ಮುಚ್ಚಳ ತಿರುಗಿಸಿ ಒಳಗೆ ಇಣುಕಿದಳು. ಶೀಶೆ ಖಾಲಿಯಾಗಿತ್ತು. ಕೊನೆಯ ಎರಡು ಹನಿ ಹಂಸದ ಮೇಲಿದ್ದವು.